ಇನ್ನೂ ಹುಟ್ಟದವರ ಪಾಲು

ಮುಂದಿನ ಪೀಳಿಗೆಯ ಬಗ್ಗೆ ಇಂದಿನವರಿಗಿರುವ ಹೊಣೆಯ ಮಾತು ಬಂದಾಗಲೆಲ್ಲ ಚರ್ಚೆ 2050ಕ್ಕೋ 2100ಕ್ಕೋ ಹಾರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಶರಾವತಿಗೆ ಅಣೆಕಟ್ಟು ಕಟ್ಟಲು ತೀರ್ಮಾನಿಸಿದವರ ಕಾಲಕ್ಕೆ ‘ಮುಂದಿನ ಪೀಳಿಗೆ’ ಆಗಿದ್ದವರು ಈಗ ಇಲ್ಲಿಯೇ ಇದ್ದಾರೆ. ಅಜ್ಜನಿಗೆ ಸಿಕ್ಕ ಜಮೀನಿನ ಹಕ್ಕುಪತ್ರಕ್ಕಾಗಿ ಅವರಲ್ಲಿ ಅನೇಕರು ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಹಿಂದಿನವರು ನಮಗೇನು ಉಳಿಸಬೇಕಿತ್ತು ಎಂದು ಕೇಳಬಲ್ಲ ಜನ ಎದುರಿಗೇ ಇರುವಾಗ, ಮುಂದಿನವರಿಗೆ ನಾವೇನು ಉಳಿಸಬೇಕು ಎಂಬ ಪ್ರಶ್ನೆ ಬರೀ ಊಹೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಶರಾವತಿ ಹುಟ್ಟುವ ಅಂಬುತೀರ್ಥವಿರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಅಲ್ಲಿಂದ ಹೊರಟ ನದಿ ಹೊಸನಗರ, ಸಾಗರದ ಸೀಮೆಯನ್ನು ಹಾದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಇದಕ್ಕೆ ಮೊದಲು ಅಡ್ಡ ಕಟ್ಟಿದ್ದು ಮಡೆನೂರಿನ ಬಳಿಯ ಹಿರೇಭಾಸ್ಕರ ಅಣೆಕಟ್ಟು. ಕೆಲಸ ಶುರುವಾದದ್ದು 1939ರಲ್ಲಿ, ಜೋಗದಲ್ಲಿ ವಿದ್ಯುತ್ ಹುಟ್ಟಿದ್ದು 1948ರಲ್ಲಿ. ಹದಿನಾರೇ ವರ್ಷದಲ್ಲಿ, 1964ಕ್ಕೆ, ಕೆಳಗೆ ಲಿಂಗನಮಕ್ಕಿ ಎದ್ದಿತು. ಅದರ ಹಿನ್ನೀರಿನಲ್ಲಿ ಹಿರೇಭಾಸ್ಕರವೇ ಮುಳುಗಿಹೋಯಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದರ ಗೋಡೆಯೂ ಸೈಫನ್‌ಗಳೂ ಇಂದಿಗೂ ಗಟ್ಟಿಮುಟ್ಟಾಗಿ ಮೇಲೆ ಕಾಣುತ್ತವೆ. ದೂರದೃಷ್ಟಿಗೆ ಹೆಸರಾದ ಮೈಸೂರು ಸಂಸ್ಥಾನದ ಎಂಜಿನಿಯರುಗಳಿಗೂ ಮುಂದಿನ ಹದಿನಾರು ವರ್ಷ ಸರಿಯಾಗಿ ಕಾಣಲಿಲ್ಲ ಎಂಬುದನ್ನು ಭವಿಷ್ಯದ ಬಗ್ಗೆ ಖಚಿತವಾಗಿ ಮಾತಾಡುವ ಎಲ್ಲರೂ ನೆನಪಿಡಬೇಕು.

ಲಿಂಗನಮಕ್ಕಿಯ ಪೂರ್ಣಮಟ್ಟ 1,819 ಅಡಿ. ಅದರೊಳಗೆ ಹಿಡಿಯುವ ನೀರು ಸುಮಾರು 151 ಟಿಎಂಸಿ, ನೀರಿನಡಿಗೆ ಹೋದ ನೆಲ ಸುಮಾರು 300 ಚದರ ಕಿಲೋಮೀಟರ್. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ದಶಕಗಳ ಕಾಲ ಕರ್ನಾಟಕದ ಮನೆ, ಪಂಪ್‌ಸೆಟ್, ಕಾರ್ಖಾನೆಗಳಿಗೆ ಅದೇ ದೊಡ್ಡ ಆಸರೆಯಾಗಿತ್ತು. ಇನ್ನೊಂದು ಕಡೆ, ಸಾವಿರಾರು ಕುಟುಂಬಗಳು ಮನೆಯ ಹೆಂಚು, ಬಾಗಿಲು, ದನಕರು ಕಟ್ಟಿಕೊಂಡು ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಿಗೆ ಹೋಗಿ ಇಳಿದವು. ಅವರಿಗೆ ತೋರಿಸಿದ ನೆಲ ಎಷ್ಟೋ ಕಡೆ ಅರಣ್ಯ ಇಲಾಖೆಯದು. ಸರ್ಕಾರದ ಒಂದು ಕೈ ಕೊಟ್ಟ ಜಮೀನು ಇನ್ನೊಂದು ಕೈಯ ಕಡತದಲ್ಲಿ ಅರಣ್ಯವಾಗಿಯೇ ಉಳಿಯಿತು. ಬೆಳಕಿಗಾಗಿ ಊರು ಬಿಟ್ಟವರ ಹಲವು ಹೊಸ ಊರುಗಳಿಗೆ ಬೆಳಕು ಬಂದದ್ದು ಬಹಳ ತಡವಾಗಿ. ಹಿನ್ನೀರಿನಾಚೆ ಉಳಿದ ತುಮರಿ ಸೀಮೆಯ ಜನ ಆಸ್ಪತ್ರೆಗೆ, ಕಾಲೇಜಿಗೆ, ಸಾಗರದ ಪೇಟೆಗೆ ಹೋಗಲು ಆರು ದಶಕ ಲಾಂಚಿಗಾಗಿ ಕಾದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಸಾಗರದ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಈ ನೆಲದವು.

ಅಣೆಕಟ್ಟೇ ಆಗಬಾರದಿತ್ತು ಎನ್ನುವವರು ಇಲ್ಲಿ ಇದ್ದಾರೆ. ಆದರೆ ಹೆಚ್ಚಾಗಿ ಕೇಳಿಬರುವ ದೂರು ಅದಲ್ಲ. ಲೆಕ್ಕ ಚುಕ್ತಾ ಆಗಲಿಲ್ಲ ಎಂಬುದು ದೂರು. ಲಾಭ ಆಗಲೇ ಬೇರೆ ಕಡೆ ಹರಿದುಹೋಯಿತು, ಖರ್ಚು ಮಾತ್ರ ಮಗನಿಗೂ ಮೊಮ್ಮಗನಿಗೂ ಬಾಕಿಯಾಗಿ ಇಳಿಯಿತು. ಪರಿಸರದ ಬಿಕ್ಕಟ್ಟಿನ ನೈತಿಕ ಸ್ವರೂಪವೂ ಇದೇ. ಕಲ್ಲಿದ್ದಲು ಸುಟ್ಟ ಸುಖ ಇಂದಿನದು, ಹೊಗೆಯ ಬಿಸಿ ನಾಳಿನದು. ಅಂಗಾರಾಮ್ಲ ವಾತಾವರಣಕ್ಕೆ ಸೇರಿದ ಮೇಲೆ ಅದರಲ್ಲಿ ಒಂದಷ್ಟು ಪಾಲು ನೂರಾರು ವರ್ಷ ಅಲ್ಲೇ ಉಳಿಯುತ್ತದೆ, ಸುಟ್ಟವರು ಅಷ್ಟು ಕಾಲ ಉಳಿಯುವುದಿಲ್ಲ.

ಮುಯ್ಯಿಯಿಲ್ಲದ ಹೊಣೆ

ಹೊಣೆ ಎಂದರೆ ಸಾಮಾನ್ಯವಾಗಿ ಎರಡು ಕಡೆಯ ವ್ಯವಹಾರ. ಸಾಲ ಕೊಟ್ಟವನಿಗೆ ತೀರಿಸಬೇಕು. ನಾಟಿಗೆ ಮುಯ್ಯಾಳಾಗಿ ಬಂದವನ ಗದ್ದೆಗೆ ಮುಯ್ಯಿ ತೀರಿಸಲು ಹೋಗಬೇಕು. ಇನ್ನೂ ಹುಟ್ಟದವನು ಸಾಲ ಕೊಟ್ಟಿಲ್ಲ, ನಾಟಿಗೂ ಬಂದಿಲ್ಲ. ಅವನಿಗೆ ಓಟಿಲ್ಲ, ಕೋರ್ಟಿಗೆ ಹೋಗಲಾರ. ನಾವು ಅವನಿಗೆ ಏನು ಬೇಕಾದರೂ ಮಾಡಬಹುದು, ಅವನು ನಮಗೆ ಏನೂ ಮಾಡಲಾರ. ಇಷ್ಟು ಏಕಪಕ್ಷೀಯವಾದ ಸಂಬಂಧದಲ್ಲಿ ಹೊಣೆ ಹುಟ್ಟುವುದಾದರೂ ಹೇಗೆ?

ಇಪ್ಪತ್ತನೆಯ ಶತಮಾನದ ಚಿಂತಕರು ಇದಕ್ಕೆ ಬೇರೆ ಬೇರೆ ದಾರಿಗಳಿಂದ ಉತ್ತರ ಹುಡುಕಿದರು. ಅಮೆರಿಕದ ಜಾನ್ ರಾಲ್ಸ್ 1971ರ ತನ್ನ ಗ್ರಂಥದಲ್ಲಿ, ತಾನು ಯಾವ ತಲೆಮಾರಿನಲ್ಲಿ ಹುಟ್ಟುತ್ತೇನೆ ಎಂದು ಗೊತ್ತಿಲ್ಲದವನು ನಿಯಮ ಬರೆಯಲು ಕುಳಿತರೆ ಎಂಥ ನಿಯಮ ಬರೆದಾನು ಎಂದು ಕೇಳಿದ. ಅಂಥವನು ಪ್ರತಿ ತಲೆಮಾರೂ ಮುಂದಿನದಕ್ಕೆ ನ್ಯಾಯವಾದಷ್ಟು ಉಳಿಸಿಟ್ಟು ಹೋಗಲಿ ಎಂದೇ ಬರೆಯುತ್ತಾನೆ. ಜರ್ಮನ್ ಮೂಲದ ಹ್ಯಾನ್ಸ್ ಯೋನಾಸ್ 1979ರಲ್ಲಿ ಬೇರೆ ಕಡೆಯಿಂದ ಬಂದ. ಕೊಡಲಿ ಹಿಡಿದ ಮನುಷ್ಯನ ಕೈಗೆ ಎಟುಕುತ್ತಿದ್ದುದು ಹತ್ತಾರು ಮರ, ಇವತ್ತಿನ ಯಂತ್ರಕ್ಕೆ ಎಟುಕುವುದು ಹವೆ, ಕಡಲು, ಮುಂದಿನ ಶತಮಾನ. ಕೈ ಎಷ್ಟು ದೂರ ಚಾಚುತ್ತದೋ ಹೊಣೆಯೂ ಅಷ್ಟೇ ದೂರ ಚಾಚಬೇಕು ಎಂಬುದು ಅವನ ವಾದ. ವಿಶ್ವಸಂಸ್ಥೆಯ ಬ್ರಂಟ್‌ಲಂಡ್ ಆಯೋಗ 1987ರಲ್ಲಿ ಇದನ್ನೇ ಸರ್ಕಾರಗಳ ಭಾಷೆಗೆ ಇಳಿಸಿತು: ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ, ಮುಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳುವ ಶಕ್ತಿಗೆ ಧಕ್ಕೆಯಾಗಬಾರದು. ಆ ಮಾತು ಎಷ್ಟು ಬಳಕೆಯಾಯಿತೆಂದರೆ ಈಗ ಗಣಿ ಕಂಪನಿಗಳ ವಾರ್ಷಿಕ ವರದಿಯಲ್ಲೂ ಸಿಗುತ್ತದೆ.

ಇಂಗ್ಲೆಂಡಿನ ಡೆರೆಕ್ ಪಾರ್ಫಿಟ್ 1984ರಲ್ಲಿ ಮುಂದಿಟ್ಟ ತೊಡಕು ಇವೆಲ್ಲಕ್ಕಿಂತ ಜಿಗುಟಾದದ್ದು. ಶರಾವತಿಯ ಉದಾಹರಣೆಯಲ್ಲಿ ಅದು ಸುಲಭವಾಗಿ ಅರ್ಥವಾಗುತ್ತದೆ. ಮುಳುಗಡೆ ಆಗದಿದ್ದರೆ ಊರುಗಳು ಚದುರುತ್ತಿರಲಿಲ್ಲ, ನೆಂಟಸ್ತಿಕೆಗಳು ಬೇರೆಯೇ ಆಗುತ್ತಿದ್ದವು. ಮದುವೆ ಬೇರೆಯಾದರೆ ಮಕ್ಕಳೂ ಬೇರೆ. ಹೊಸ ಊರಿನಲ್ಲಿ ಹುಟ್ಟಿದ ಮೊಮ್ಮಗಳು, ಮುಳುಗಡೆಯೇ ಆಗದಿದ್ದರೆ, ಹುಟ್ಟುತ್ತಲೇ ಇರಲಿಲ್ಲ. ಹಾಗಿರುವಾಗ ಮುಳುಗಡೆಯಿಂದ ಅವಳಿಗೆ ಕೆಡುಕಾಯಿತು ಎಂದು ಹೇಳುವುದು ಯಾವ ಲೆಕ್ಕದಲ್ಲಿ? ಅದು ಆಗದಿದ್ದರೆ ಅವಳಿಗೆ ಒಳಿತಾಗುತ್ತಿತ್ತು ಎನ್ನಲು ಅವಳೇ ಇರುತ್ತಿರಲಿಲ್ಲವಲ್ಲ! ಹವಾಮಾನದ ವಿಷಯದಲ್ಲೂ ಇದೇ ತರ್ಕ ಹೂಡಬಹುದು. ಇಂದಿನ ನೀತಿ ಬದಲಾದರೆ ನೂರು ವರ್ಷದ ಮೇಲೆ ಹುಟ್ಟುವವರೇ ಬೇರೆಯಾಗುತ್ತಾರೆ, ಯಾರಿಗೂ ಅನ್ಯಾಯವಾಗಲಿಲ್ಲ ಎಂದು ಕೈ ತೊಳೆದುಕೊಳ್ಳಬಹುದು.

ಪಾರ್ಫಿಟನೇ ಈ ತೀರ್ಮಾನವನ್ನು ಒಪ್ಪಲಿಲ್ಲ. ಒಪ್ಪದಿರಲು ಕಾರಣ ಮುಳುಗಡೆಯ ಮೊಮ್ಮಗಳ ಬಳಿಯೇ ಇದೆ. ಅವಳ ಅಹವಾಲು ತನ್ನ ಹುಟ್ಟಿನ ಬಗ್ಗೆ ಅಲ್ಲ, ಪಹಣಿಯ ಬಗ್ಗೆ. ಆ ಮನೆಯಲ್ಲಿ ಅವಳೇ ಹುಟ್ಟಲಿ, ಇನ್ನೊಬ್ಬಳೇ ಹುಟ್ಟಲಿ, ಅಲ್ಲಿ ಬಾಳುವವರಿಗೆ ನೆಲದ ಹಕ್ಕು ಸಲ್ಲಬೇಕಿತ್ತು, ಸಂದಿಲ್ಲ. ಇದನ್ನು ತಪ್ಪೆನ್ನಲು ಅವಳು ತನ್ನನ್ನು ಇನ್ನೊಂದು ಜನ್ಮದ ಜತೆ ಹೋಲಿಸಿಕೊಳ್ಳಬೇಕಾಗಿಲ್ಲ. ಮುಂದಿನವರ ಬಗೆಗಿನ ಹೊಣೆ ಇಂಥ ಹೆಸರಿನ ವ್ಯಕ್ತಿಗೆ ಅಂಟಿಕೊಂಡದ್ದಲ್ಲ. ಯಾರು ಬಂದರೂ ಅವರಿಗೆ ಸಲ್ಲುವುದು ಅದು.

ಮಿತಾಕ್ಷರದಿಂದ ಸೊಪ್ಪಿನಬೆಟ್ಟಕ್ಕೆ

ಹುಟ್ಟದವರಿಗೂ ಪಾಲಿದೆ ಎಂಬ ಎಣಿಕೆ ಕನ್ನಡ ನಾಡಿಗೆ ಹೊರಗಿನಿಂದ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ ಭಾರತದ ಬಹುಭಾಗದಲ್ಲಿ ಹಿಂದೂ ಆಸ್ತಿ ಕಾನೂನಿಗೆ ತಳಹದಿಯಾಯಿತು. ಅದರ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ಸತ್ತ ಮೇಲಲ್ಲ, ಹುಟ್ಟಿನಿಂದಲೇ. ಹಿಸ್ಸೆಯ ಹೊತ್ತಿಗೆ ಹೊಟ್ಟೆಯಲ್ಲಿರುವ ಕೂಸಿಗೂ ಪಾಲು ತೆಗೆದಿಡಬೇಕು. ಮನೆಯ ಯಜಮಾನ ಆಸ್ತಿಯ ಒಡೆಯನಲ್ಲ, ಅದನ್ನು ನೋಡಿಕೊಳ್ಳುವವನು. ಕುಟುಂಬಕ್ಕೆ ನಿಜವಾದ ಅಗತ್ಯ ಬಿದ್ದಾಗಲ್ಲದೆ ಅವನು ಸ್ಥಿರಾಸ್ತಿ ಮಾರುವಂತಿಲ್ಲ. ಇದರ ಮಿತಿಯೂ ಚಿಕ್ಕದಲ್ಲ. ಆ ಪಾಲು ಗಂಡುಮಕ್ಕಳದಷ್ಟೇ ಆಗಿತ್ತು. ಹೆಣ್ಣುಮಕ್ಕಳಿಗೆ ಸಮಪಾಲು ಕರ್ನಾಟಕದಲ್ಲಿ ಬಂದದ್ದು 1994ರ ತಿದ್ದುಪಡಿಯಿಂದ, ದೇಶಕ್ಕೆ 2005ರಲ್ಲಿ. ಮನೆಯ ಹೊಸ್ತಿಲಿನಾಚೆಗಿನ ಕಾಡು, ಹೊಳೆಗಳ ಬಗ್ಗೆ ಆ ನಿಯಮಕ್ಕೆ ಹೇಳುವುದೇನೂ ಇರಲಿಲ್ಲ.

ಹೊಸ್ತಿಲಿನಾಚೆಗೆ ಬೇರೆ ಏರ್ಪಾಡುಗಳಿದ್ದವು. ಹೊಂಬುಜದ ಸಾಂತರರಿಂದ ಕೆಳದಿಯ ನಾಯಕರವರೆಗೆ ಈ ಸೀಮೆಯಲ್ಲಿ ಹಾಕಿಸಿದ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕ’ದ ಎಂಟನೆಯ ಸಂಪುಟವನ್ನು ತುಂಬಿವೆ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯ ಎಲ್ಲರಿಗೂ ಗೊತ್ತು. ಅದರ ಜತೆಗೇ ಬರುವ ಇನ್ನೊಂದು ಮಾತನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ: ತಾನು ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟದ್ದನ್ನು ಕಾಪಾಡುವುದೇ ಮೇಲು. ಆ ಮಾತನ್ನು ಕಲ್ಲಿನಲ್ಲಿ ಕೊರೆಸಿದ್ದು ಮುಂದೆ ಬರುವ ದೊರೆಗಳಿಗಾಗಿ.

ದಿನನಿತ್ಯದ ಬದುಕಿಗೆ ಇನ್ನೂ ಹತ್ತಿರದ್ದು ಸೊಪ್ಪಿನಬೆಟ್ಟ. ಅಡಕೆ ತೋಟ ತನ್ನಷ್ಟಕ್ಕೆ ತಾನು ಬದುಕುವ ಬೆಳೆಯಲ್ಲ. ಅದಕ್ಕೆ ವರ್ಷವೂ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು, ಸೊಪ್ಪಿಗೆ ಕಾಡು ಬೇಕು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಗುಡಿಸಿ ತಂದ ದರಗು ಕೊಟ್ಟಿಗೆಯ ದನದ ಕಾಲಡಿಗೆ ಬಿದ್ದು, ಸಗಣಿ ಗಂಜಲದಲ್ಲಿ ನೆನೆದು, ಗೊಬ್ಬರಗುಂಡಿಯಲ್ಲಿ ಕಳಿತು ತೋಟಕ್ಕೆ ಹೋಗುತ್ತಿತ್ತು. ಇದಕ್ಕೆಂದು ತೋಟಕ್ಕೆ ಹೊಂದಿದಂತೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬೆಳೆಯಿತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟವಿತ್ತು. ಮತ್ತಿ, ಹೊನ್ನೆ, ನಂದಿ, ಕೌಲು, ನೇರಳೆಯ ಪಕ್ಕದ ರೆಂಬೆ ಸವರಬೇಕೇ ಹೊರತು ತಲೆ ಕಡಿಯಬಾರದು. ತಲೆ ಉಳಿದರೆ ಮರ ಮತ್ತೆ ಚಿಗುರುತ್ತದೆ, ತಲೆ ಹೋದರೆ ಕುರುಚಲಾಗುತ್ತದೆ.

ಇದರ ಕಾನೂನು ರೂಪವೂ ಗಮನಿಸುವಂಥದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಕೊಡಗಿನ ಜಮ್ಮಾ ಮತ್ತು ಬಾಣೆಗಳ ಜತೆಗೆ ಹಳೆ ಮೈಸೂರಿನ ಕಾನು ಎಂಬ ನಿತ್ಯಹಸಿರು ಕಾಡು ಮತ್ತು ಸೊಪ್ಪಿನಬೆಟ್ಟವನ್ನೂ ಹೆಸರಿಸುತ್ತದೆ. ಅಲ್ಲಿ ರೈತನಿಗೆ ಇರುವುದು ಸವಲತ್ತು, ಒಡೆತನವಲ್ಲ. ಸೊಪ್ಪು ಅವನದು, ನೆಲ ಅವನದಲ್ಲ. ಮುಂದಿನ ತಲೆಮಾರಿನ ಬಗೆಗಿನ ನೀತಿಶಾಸ್ತ್ರ ಪುಟಗಟ್ಟಲೆ ಬರೆದು ತಲುಪುವ ಜಾಗಕ್ಕೆ ಈ ಕಂದಾಯ ಕಲಮು ನಾಲ್ಕು ಸಾಲಿನಲ್ಲಿ ತಲುಪಿದೆ: ಫಲ ಉಣ್ಣಿ, ಮೂಲ ಉಳಿಸಿ.

ಈ ಏರ್ಪಾಡನ್ನು ಹೊಗಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಬೆಟ್ಟ ಸಿಗುತ್ತಿದ್ದುದು ತೋಟ ಇದ್ದವರಿಗೆ. ತೋಟದಲ್ಲಿ ದುಡಿಯುವವರಿಗೆ ಒಲೆಗೆ ಸೌದೆ ತರಲೂ ಪರರ ಅನುಮತಿ ಬೇಕಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಎದ್ದದ್ದು ಇದೇ ಒಡೆಯ-ಒಕ್ಕಲು ವ್ಯವಸ್ಥೆಯ ವಿರುದ್ಧ. ಕಾಲಕ್ರಮದಲ್ಲಿ ಬೆಟ್ಟವೂ ಕೆಟ್ಟಿತು. ಕೊಟ್ಟಿಗೆಯಲ್ಲಿ ದನ ಕಡಿಮೆಯಾದವು, ಚೀಲದ ಗೊಬ್ಬರ ಬಂತು, ಅಡಕೆಗೆ ರೇಟು ಏರಿದಾಗ ಗದ್ದೆಯೂ ಬೆಟ್ಟವೂ ತೋಟವಾಯಿತು. ಶುಂಠಿಗೆ ರೇಟು ಬಂದ ವರ್ಷ ಗದ್ದೆಗಳು ಗುತ್ತಿಗೆಗೆ ಹೋದವು. ಒಂದೇ ಬೆಳೆಯಲ್ಲಿ ಮಣ್ಣಿಗೆ ಅಷ್ಟೊಂದು ಔಷಧಿ, ಗೊಬ್ಬರ ಸುರಿದು ಮುಂದಿನ ಗದ್ದೆಗೆ ಹೋಗುವ ಬೇಸಾಯ ಅದು.

ಫಲಕ್ಕೂ ಮೂಲಕ್ಕೂ ಇರುವ ಈ ವ್ಯತ್ಯಾಸವನ್ನು ಅಪ್ಪೆಮಿಡಿಯಲ್ಲಿ ಕಣ್ಣಾರೆ ನೋಡಬಹುದು. ಹೊಳೆಯಂಚಿನ ಕಾಡುಮಾವಿನ ಈ ಮಿಡಿ ಮಲೆನಾಡಿನ ಉಪ್ಪಿನಕಾಯಿಯ ಜೀವಾಳ. ಸಾಗರ, ರಿಪ್ಪನ್‌ಪೇಟೆಯ ಕಡೆ ಅದಕ್ಕೆ ಒಳ್ಳೆಯ ವ್ಯಾಪಾರವೂ ಇದೆ. ಮಿಡಿಯನ್ನು ಕೊಯ್ಯಬೇಕಾದದ್ದು ಗೊರಟು ಗಟ್ಟಿಯಾಗುವ ಮುಂಚೆ. ಹಾಗಾಗಿ ಮರ ಪೂರ್ತಿ ಬೋಳಾದ ವರ್ಷ ಒಂದು ಗೊರಟೂ ನೆಲಕ್ಕೆ ಬೀಳುವುದಿಲ್ಲ, ಒಂದು ಸಸಿಯೂ ಏಳುವುದಿಲ್ಲ. ಅವಸರದ ಕೊಯ್ಲಿನವರು ಕೊಂಬೆಯನ್ನೇ ಕಡಿದು ಕೆಡವಿದರೆ ಮುಂದಿನ ಫಸಲೂ ಹೋಯಿತು. ಇಲ್ಲಿ ಯಾರೂ ದುರುದ್ದೇಶದಿಂದ ಕೆಡಿಸುತ್ತಿಲ್ಲ. ಮರ ಸಾರ್ವಜನಿಕ, ತಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಲೆಕ್ಕ ಅಷ್ಟೇ. ಕೆಲವು ರೈತರು ಒಳ್ಳೆಯ ಮರಗಳ ಕುಡಿ ತಂದು ಕಸಿ ಕಟ್ಟಿ ತೋಟದಲ್ಲಿ ಬೆಳೆಸಿದ್ದರಿಂದ ಹಲವು ತಳಿಗಳು ಉಳಿದಿವೆ. ಹೊಳೆದಂಡೆಯಲ್ಲಿ ತಾನಾಗಿ ಹುಟ್ಟುವ ಹೊಸ ತಳಿಯ ಬಾಗಿಲು ಮಾತ್ರ ಕಸಿಯಿಂದ ತೆರೆಯುವುದಿಲ್ಲ.

ನೂರು ವರ್ಷದ ಬಡ್ಡಿ

ಸರ್ಕಾರಿ ಯೋಜನೆಗಳಲ್ಲಿ ಮುಂದಿನ ಪೀಳಿಗೆ ಕಾಣೆಯಾಗುವುದು ಹೆಚ್ಚಾಗಿ ಲೆಕ್ಕದ ಹಾಳೆಯಲ್ಲಿ. ಇವತ್ತಿನ ನೂರು ರೂಪಾಯಿ ಮುಂದಿನ ವರ್ಷದ ನೂರಕ್ಕಿಂತ ಹೆಚ್ಚು ಎಂಬುದು ವ್ಯವಹಾರದ ಮಾತು. ಇದಕ್ಕಾಗಿ ಅರ್ಥಶಾಸ್ತ್ರಜ್ಞರು ಮುಂದಿನ ಲಾಭ ನಷ್ಟಗಳನ್ನು ವರ್ಷಕ್ಕಿಷ್ಟು ಶೇಕಡಾ ಎಂದು ಕಳೆದು ಇಂದಿನ ಬೆಲೆಗೆ ತರುತ್ತಾರೆ. ಹತ್ತು ವರ್ಷದ ಯೋಜನೆಗೆ ಇದರಿಂದ ತೊಂದರೆಯಿಲ್ಲ. ನೂರು ವರ್ಷಕ್ಕೆ ಹಚ್ಚಿದರೆ ವಿಚಿತ್ರವಾಗುತ್ತದೆ. ನೂರು ವರ್ಷದ ನಂತರ ಆಗುವ ಒಂದು ಕೋಟಿ ರೂಪಾಯಿ ನಷ್ಟ, ಶೇ 5ರಂತೆ ಕಳೆಯುತ್ತ ಬಂದರೆ, ಇಂದಿನ ಲೆಕ್ಕದಲ್ಲಿ ಸುಮಾರು 76 ಸಾವಿರ ರೂಪಾಯಿ. ಬ್ರಿಟನ್ನಿನ ನಿಕೊಲಾಸ್ ಸ್ಟರ್ನ್ 2006ರ ಹವಾಮಾನ ವರದಿಯಲ್ಲಿ ಹೆಚ್ಚುಕಡಿಮೆ ಶೇ 1.4ರ ದರ ಹಿಡಿದ. ಆ ದರದಲ್ಲಿ ಅದೇ ಕೋಟಿ ಇಂದಿಗೆ ಸುಮಾರು 25 ಲಕ್ಷ. ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ಈ ದರ ತೀರಾ ಕಡಿಮೆ, ಮಾರುಕಟ್ಟೆಯ ಬಡ್ಡಿಗೆ ಹೊಂದುವುದಿಲ್ಲ ಎಂದು ಆಕ್ಷೇಪಿಸಿದ. ಇಬ್ಬರೂ ಒಪ್ಪಿದ ವಿಜ್ಞಾನ ಒಂದೇ, ಜಗಳವಿದ್ದದ್ದು ಮುಖ್ಯವಾಗಿ ಈ ಶೇಕಡಾವಾರಿನಲ್ಲಿ. ಮುಂದಿನವರು ನಮಗಿಂತ ಶ್ರೀಮಂತರಾಗಿರುತ್ತಾರೆ ಎಂದು ದರ ಏರಿಸುವುದಕ್ಕೆ ಒಂದು ಅರ್ಥವಿದೆ. ತಡವಾಗಿ ಹುಟ್ಟಿದರು ಎಂಬ ಒಂದೇ ಕಾರಣಕ್ಕೆ ಅವರ ನೋವಿಗೆ ಬೆಲೆ ಕಡಿಮೆ ಕಟ್ಟುವುದಕ್ಕೆ ಅಂಥ ಸಮರ್ಥನೆ ಇಲ್ಲ.

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ಅರಣ್ಯಭೂಮಿಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟದ್ದು ಇಂಥ ದೀರ್ಘ ಅವಧಿಯ ತೀರ್ಮಾನ. ದನ ಮೇಯುತ್ತಿದ್ದ ಬ್ಯಾಣಗಳಲ್ಲಿ, ಕಾನಿನಂಚುಗಳಲ್ಲಿ ಅಕೇಶಿಯಾ ಎದ್ದಿತು. ದನ ಅದರ ಸೊಪ್ಪು ಮುಟ್ಟುವುದಿಲ್ಲ, ಎಲೆ ಬೇಗ ಕಳಿಯುವುದಿಲ್ಲ. 2015ರ ಹೊತ್ತಿಗೆ ಕಾರ್ಖಾನೆಯೇ ನಿಂತುಹೋಗಿತ್ತು. ಗುತ್ತಿಗೆ 2020ರಲ್ಲಿ ಮುಗಿದಾಗ ಸರ್ಕಾರ ಅದನ್ನು ಇನ್ನೂ 40 ವರ್ಷಕ್ಕೆ ವಿಸ್ತರಿಸಿತು. ಮಲೆನಾಡಿನಲ್ಲಿ ಪ್ರತಿಭಟನೆ ಎದ್ದದ್ದು ಆಗ. ಓಡದ ಕಾರ್ಖಾನೆಯ ಹೆಸರಿನಲ್ಲಿ ಎರಡು ತಲೆಮಾರಿನ ನೆಲವನ್ನು ಬರೆದುಕೊಟ್ಟರೆ ಅದನ್ನು ಯಾವ ಬಡ್ಡಿದರವೂ ಸಮರ್ಥಿಸಲಾರದು.

ಒಳಿತುಗಳೆರಡರ ಜಗಳ

ಲಾಭಕೋರತನ ಒಂದು ಕಡೆ, ಪ್ರಕೃತಿ ಇನ್ನೊಂದು ಕಡೆ ಇದ್ದರೆ ತೀರ್ಪು ಸುಲಭ. ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಯಲ್ಲಿ ಎರಡು ಕಡೆಯೂ ಮುಂದಿನ ಪೀಳಿಗೆಯ ಹೆಸರೇ ಇದೆ. ಬಿಸಿಲಿನ ವಿದ್ಯುತ್ ಹಗಲು ಹೆಚ್ಚಾಗಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಲ್ಲವಾಗುತ್ತದೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು 2,000 ಮೆಗಾವಾಟ್‌ವರೆಗೆ ವಿದ್ಯುತ್ ಪಡೆಯುವುದು ಕರ್ನಾಟಕ ವಿದ್ಯುತ್ ನಿಗಮದ ಯೋಜನೆ. ಎತ್ತಲು ಸುಡುವ ವಿದ್ಯುತ್ ಬೀಳುವಾಗ ಸಿಗುವುದಕ್ಕಿಂತ ಹೆಚ್ಚೇ. ಆದರೂ ಕಲ್ಲಿದ್ದಲಿನ ಬದಲು ಬಿಸಿಲು, ಗಾಳಿಯನ್ನು ನೆಚ್ಚಬೇಕಾದರೆ ವಿದ್ಯುತ್ತನ್ನು ಎಲ್ಲಾದರೂ ಕೂಡಿಡಲೇಬೇಕು. ಇಂಗಾಲ ಕಡಿಮೆ ಮಾಡುವುದು ಮುಂದಿನವರಿಗೆ ಸಲ್ಲಬೇಕಾದದ್ದೇ.

ಆದರೆ ಸುರಂಗ, ಭೂಗತ ವಿದ್ಯುದಾಗಾರ, ರಸ್ತೆಗಳು ಹಾಯುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವನ್ನು. ಸಿಂಗಳೀಕ ಪಶ್ಚಿಮಘಟ್ಟದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲ. ಅದು ನೆಲಕ್ಕಿಳಿಯುವುದು ಅಪರೂಪ, ಮರದ ತಲೆಗಳು ಒಂದಕ್ಕೊಂದು ತಾಗಿದ ಕಾಡು ಅದಕ್ಕೆ ಬೇಕು. ಇದೇ ಶರಾವತಿ ಸೀಮೆಯ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜೌಗು ಕಾಡು ಉಳಿದಿದೆ. ವಿಜ್ಞಾನಕ್ಕೆ ಆವರೆಗೆ ಗೊತ್ತಿಲ್ಲದ ಒಂದು ಗೇರುಜಾತಿಯ ಮರ 2000ದಲ್ಲಿ ಅಲ್ಲಿ ಪತ್ತೆಯಾಗಿ, ಆ ಕಾನಿನ ಹೆಸರನ್ನೇ ಪಡೆಯಿತು.

ಇಂಥಲ್ಲಿ ತತ್ತ್ವಶಾಸ್ತ್ರಕ್ಕಿಂತ ಒಂದು ಸರಳ ಪರೀಕ್ಷೆ ಕೆಲಸಕ್ಕೆ ಬರುತ್ತದೆ. ಯಾವುದನ್ನು ಬೇರೆ ಕಡೆ, ಬೇರೆ ರೀತಿಯಲ್ಲಿ ಮಾಡಬಹುದು, ಯಾವುದನ್ನು ಮಾಡಲಾಗದು? ವಿದ್ಯುತ್ ಕೂಡಿಡಲು ಬೇರೆ ಜಾಗಗಳಿವೆ, ಬ್ಯಾಟರಿಗಳು ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿವೆ. ನಿತ್ಯಹರಿದ್ವರ್ಣದ ಕಾಡಿಗೆ ಬದಲಿ ಜಾಗವಿಲ್ಲ, ಬೇರೆ ತಾಲ್ಲೂಕಿನಲ್ಲಿ ಸಸಿ ನೆಟ್ಟರೆ ಅದು ನೆಡುತೋಪೇ ಹೊರತು ಕಾನಲ್ಲ. ನೈಸರ್ಗಿಕ ಸಂಪತ್ತು ಸವೆದರೂ ಯಂತ್ರ, ವಿದ್ಯೆ, ಹಣದ ರೂಪದಲ್ಲಿ ಅಷ್ಟೇ ಮೌಲ್ಯ ಬಿಟ್ಟುಹೋದರೆ ಸಾಕು ಎಂಬ ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ ಅವರ ವಾದ ತಾಮ್ರಕ್ಕೋ ತೈಲಕ್ಕೋ ಹೊಂದೀತು. ಮತ್ತೆ ಹುಟ್ಟಿಸಲಾಗದ ಜೀವಜಾತಿಗೆ ಅದು ಹೊಂದುವುದಿಲ್ಲ. ಮುಂದಿನವರಿಗೆ ಏನು ಬೇಕಾಗುತ್ತದೆ ಎಂದು ಇಂದಿನವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅವರ ಆಯ್ಕೆಗಳನ್ನು ಮುಚ್ಚದಿರುವುದೇ ಹೆಚ್ಚು ಭದ್ರವಾದ ಹಾದಿ.

ಕುದುರೆಮುಖದಲ್ಲಿ ಮುಚ್ಚಿದ ಬಾಗಿಲು ಏನೆಂದು ಕಾಣಬಹುದು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಆ ಶ್ರೇಣಿಯಲ್ಲಿ ಕಬ್ಬಿಣದ ಅದಿರಿನ ಗಣಿ ನಡೆದದ್ದು ಹೆಚ್ಚೆಂದರೆ ಕಾಲು ಶತಮಾನ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಿರು ಬೇರ್ಪಡಿಸಿ ಉಳಿದ ಕೆಸರನ್ನು ತಡೆದು ನಿಲ್ಲಿಸಿದ ಲಕ್ಯಾ ಅಣೆಕಟ್ಟು ಮಾತ್ರ ಅಲ್ಲೇ ಇದೆ. ಅದಿರಿನ ಹಣವನ್ನು ಕಾಣದ ತಲೆಮಾರುಗಳೂ ಆ ಕಟ್ಟೆಯನ್ನು ಕಾಯುತ್ತಲೇ ಇರಬೇಕು.

ತ್ಯಾಗ ಯಾರದು

ಮುಂದಿನವರ ಹೆಸರಿನಲ್ಲಿ ಇಂದಿನ ಬಡವರಿಂದ ಕಿತ್ತುಕೊಳ್ಳುವುದು ಈ ಚರ್ಚೆಯ ದೊಡ್ಡ ಅಪಾಯ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ಪಶ್ಚಿಮಘಟ್ಟದ ರಕ್ಷಣೆಗೆ ವರದಿ ಕೊಟ್ಟವು. ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಹಳ್ಳಿಗಳಿದ್ದವು. ಇಲ್ಲಿ ಎದ್ದ ವಿರೋಧವನ್ನು ಗಣಿ, ರೆಸಾರ್ಟ್‌ನವರ ಕೈವಾಡ ಎಂದು ತಳ್ಳಿಹಾಕಲಾಗದು. ಜೋಗಕ್ಕಾಗಿ ಒಮ್ಮೆ, ಲಿಂಗನಮಕ್ಕಿಗಾಗಿ ಇನ್ನೊಮ್ಮೆ, ಚಕ್ರಾ, ಸಾವೆಹಕ್ಲು, ಮಾಣಿ ಅಣೆಕಟ್ಟುಗಳಿಗಾಗಿ ಮತ್ತೊಮ್ಮೆ ನೆಲ ಬಿಟ್ಟ ಸೀಮೆ ಇದು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ 2019ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆದದ್ದರ ಹಿಂದೆಯೂ ಈ ನೆನಪಿತ್ತು. ಕಾಡು ಉಳಿದರೆ ಲಾಭ ಇಡೀ ರಾಜ್ಯಕ್ಕೆ, ಉಳಿಸುವ ಕಷ್ಟ ಬಗರ್‌ಹುಕುಂ ಅರ್ಜಿ ಹಿಡಿದು ನಿಂತವನಿಗೆ ಎಂದಾದರೆ ಅದು ಲಿಂಗನಮಕ್ಕಿಯ ಲೆಕ್ಕವೇ, ಹೊಸ ಹಾಳೆಯಲ್ಲಿ. ಇಂದಿನವರ ನಡುವಿನ ನ್ಯಾಯವನ್ನು ಬಿಟ್ಟು ಮುಂದಿನವರಿಗೆ ನ್ಯಾಯ ಕೊಡಲಾಗದು. ಬೆಂಗಳೂರಿನ ಹವಾನಿಯಂತ್ರಕದ ವಿದ್ಯುತ್ತೂ ತುಮರಿಯ ಒಂದೆಕರೆ ಒತ್ತುವರಿಯೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಕಾನೂನಿಗೂ ತಲೆಮಾರು ಎಣಿಸಲು ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. 1964ರಲ್ಲಿ ಸರ್ಕಾರವೇ ತಂದು ಇಳಿಸಿದವರಿಗೆ ಆ ದಿನಕ್ಕೆ ಆಗಿದ್ದುದು 41 ವರ್ಷ. ಹಿಂದಿನ ಮೂರು ತಲೆಮಾರಿಗೆ ದಾಖಲೆ ಕೇಳುವ ವ್ಯವಸ್ಥೆ, ಯೋಜನೆಗೆ ಸಹಿ ಹಾಕುವಾಗ ಮುಂದಿನ ಮೂರು ತಲೆಮಾರಿನ ಲೆಕ್ಕ ಕೇಳುವುದಿಲ್ಲ.

ಬೇರೆ ಕಡೆ ಕೇಳಲು ಶುರುವಾಗಿದೆ. ಫಿಲಿಪ್ಪೀನ್ಸಿನ ಸುಪ್ರೀಂ ಕೋರ್ಟು 1993ರಲ್ಲಿ ಕಾಡು ಕಡಿತದ ವಿರುದ್ಧ ಮಕ್ಕಳು ತಮ್ಮ ಪರವಾಗಿಯೂ ಇನ್ನೂ ಹುಟ್ಟದವರ ಪರವಾಗಿಯೂ ದಾವೆ ಹೂಡಬಹುದೆಂದು ಒಪ್ಪಿತು. ವೇಲ್ಸ್ 2015ರಲ್ಲಿ ಕಾಯ್ದೆ ಮಾಡಿ ಮುಂದಿನ ಪೀಳಿಗೆಗಳಿಗೆಂದೇ ಒಬ್ಬ ಆಯುಕ್ತರನ್ನು ನೇಮಿಸುವ ಏರ್ಪಾಡು ತಂದಿತು. ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರಲ್ಲಿ, ಇಂಗಾಲ ಇಳಿಸುವ ಭಾರವನ್ನು 2030ರ ನಂತರದವರ ಮೇಲೆ ಹೊರಿಸಿದ್ದು ಇಂದಿನ ಯುವಜನರ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದಿತು. ಭಾರತದಲ್ಲಿ 1976ರ ತಿದ್ದುಪಡಿಯಿಂದ ಪರಿಸರ ರಕ್ಷಣೆ ಸಂವಿಧಾನದೊಳಗೆ ಬಂದಿದೆ. ನದಿ, ಕಾಡುಗಳಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾದ ಧರ್ಮದರ್ಶಿ ಎಂದು ಸುಪ್ರೀಂ ಕೋರ್ಟು ಕಮಲನಾಥ್ ಪ್ರಕರಣದಲ್ಲಿ ಹೇಳಿದೆ. ಗೋವಾದ ಅದಿರು ಮಾರಾಟದ ಶೇ 10ನ್ನು ಮುಂದಿನವರಿಗಾಗಿ ಶಾಶ್ವತ ನಿಧಿಗೆ ಹಾಕಬೇಕೆಂದು 2014ರಲ್ಲಿ ಆದೇಶಿಸಿದೆ.

ಹಳ್ಳಿಯ ಮಟ್ಟದಲ್ಲೂ ಎರಡು ದಾರಿಗಳಿವೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಮರ, ತಳಿ, ಹೊಳೆಗಳ ದಾಖಲೆ ಬರೆಯಬೇಕು. ಯಾವ ಅಪ್ಪೆಮಿಡಿ ಮರದಲ್ಲಿ ಎಷ್ಟು ಕೊಂಬೆಯ ಮಿಡಿಯನ್ನು ಹಣ್ಣಾಗಲು ಬಿಡಬೇಕು ಎಂದು ಊರೇ ಗೊತ್ತುಮಾಡಿಕೊಳ್ಳಲು ಈ ಸಮಿತಿ ಸಾಕು. ಅರಣ್ಯ ಹಕ್ಕು ಕಾಯ್ದೆಯೂ ಮನೆಮಾತಾಗಿರುವ ವೈಯಕ್ತಿಕ ಜಮೀನಿನ ಅರ್ಜಿಯಷ್ಟೇ ಅಲ್ಲ, ಊರಿಗೆ ಹೊಂದಿದ ಕಾಡನ್ನು ಸಮುದಾಯ ಸಂಪನ್ಮೂಲವಾಗಿ ಕಾಯುವ ಹಕ್ಕನ್ನೂ ಗ್ರಾಮಸಭೆಗೆ ಕೊಡುತ್ತದೆ. ರಾಜ್ಯದಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಬಹುಪಾಲು ಮೊದಲನೆಯ ಬಗೆಯವು. ಎರಡನೆಯದರಡಿ ಕಾನುಗಳನ್ನು ಕೇಳಲು ಗ್ರಾಮಸಭೆಗೆ ಕೊನೆಯ ದಿನಾಂಕವೇನೂ ಇಲ್ಲ.